ಕರೆಂಟು ಹೋದ ಹೊತ್ತು ಬರೆದಿಟ್ಟೆ

ಶಿರಸಿಯಿಂದ ಕುಮಟಾ ಕಡೆ ಹೋಗುವ ರಸ್ತೆ ಬಿಟ್ಟು ನಾಲ್ಕು ಕಿಲೋಮೀಟರ್ ಒಳಗೆ ನಮ್ಮೂರು. ಅಡಿಕೆ ತೋಟ ಇದೆ, ಜೊತೆಗೆ ಒಂದು ಹಿಟ್ಟಿನ ಗಿರಣಿ. ಹತ್ತು ಎಚ್‌ಪಿ ಮೋಟಾರು. 2018ರ ಮಳೆಗಾಲದಲ್ಲಿ ಆ ಮೋಟಾರು ಎರಡು ಸಲ ಸುಟ್ಟಿತು. ಮೂರು ಫೇಸಿನಲ್ಲಿ ಒಂದು ಹೋಗಿದ್ದು ನನಗೆ ಗೊತ್ತಾಗಲಿಲ್ಲ, ಮೋಟಾರು ಮಾತ್ರ ಓಡುತ್ತಲೇ ಇತ್ತು. ಎರಡನೇ ಸಲ ಜೀಪಿನಲ್ಲಿ ಹಾಕಿಕೊಂಡು ಶಿರಸಿಗೆ ಹೋದಾಗ ರಿವೈಂಡಿಂಗ್ ಮಾಡುವವರು ನಕ್ಕರು. "ಹೆಗಡೇರೇ, ಮಳೆಗಾಲಕ್ಕೆ ಒಂದು ಪಾಸ್ ಮಾಡಿಸ್ಕೊಂಡ್ ಬಿಡಿ."

ಅದೇ ವಾರ ಒಂದು ನೋಟ್‌ಬುಕ್ ತಂದು ಗಿರಣಿಯ ಮೀಟರ್ ಬೋರ್ಡಿನ ಪಕ್ಕ ದಾರ ಕಟ್ಟಿ ನೇತುಹಾಕಿದೆ. ಕರೆಂಟು ಹೋದ ಹೊತ್ತು, ಬಂದ ಹೊತ್ತು. ಅಷ್ಟೇ. ಪಕ್ಕದ ಮನೆ ಭಾವ ದಿನಾ ಕೇಳುತ್ತಿದ್ದ, "ಎಂತ ಬರೀತಾ ಇದ್ದೆ? ಪಂಚಾಂಗವಾ?"

ಅಕ್ಟೋಬರ್ ಹೊತ್ತಿಗೆ ಪುಟ ತುಂಬಿತ್ತು. ಅದನ್ನು ಹಿಡಿದುಕೊಂಡು ವಿದ್ಯುತ್ ಕಂಪನಿಯ ಸೆಕ್ಷನ್ ಆಫೀಸಿಗೆ ಹೋದೆ. ಅಲ್ಲಿನ ಅಧಿಕಾರಿ ಒಳ್ಳೆಯವರೇ. ಚಾ ತರಿಸಿದರು, ಪುಟ ತಿರುವಿದರು. "ಮಳೆಗಾಲ ಅಲ್ವಾ, ಕಾಡು ಅಲ್ವಾ" ಅಂದರು. ಆಮೇಲೆ ಒಂದು ಪ್ರಶ್ನೆ ಕೇಳಿದರು: "ಇದ್ರಲ್ಲಿ ಎಷ್ಟಕ್ಕೆ ಕಂಪ್ಲೇಂಟ್ ಕೊಟ್ಟಿದ್ರಿ?" ಒಂದಕ್ಕೂ ಕೊಟ್ಟಿರಲಿಲ್ಲ. ಲೈನ್‌ಮನ್ನಿಗೆ ಫೋನ್ ಮಾಡುತ್ತಿದ್ದೆ, ಅವರು ಬರುತ್ತಿದ್ದರು. ಅದು ಎಲ್ಲೂ ದಾಖಲಾಗುವ ವ್ಯವಹಾರ ಅಲ್ಲ.

ಈ ಪ್ರಶ್ನೆಯ ಬೆಲೆ ಗೊತ್ತಾಗಿದ್ದು ಮುಂದಿನ ಬೇಸಿಗೆಯಲ್ಲಿ, ಕಾನೂನು ಓದಲು ಕೂತಾಗ. ಅಲ್ಲಿಯವರೆಗೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಅಂದರೆ ಆಗಾಗ ಯೂನಿಟ್ ದರ ಏರಿಸುವವರು ಅಂತ ಮಾತ್ರ ಅಂದುಕೊಂಡಿದ್ದೆ. ಪೇಪರಿನಲ್ಲಿ ಬರುವುದೂ ಅದೊಂದೇ ಸುದ್ದಿ. ಆಯೋಗ ಬಂದಿದ್ದು 1999ರಲ್ಲಿ, ವಿದ್ಯುತ್ ಮಂಡಳಿಯನ್ನು ಒಡೆದ ವರ್ಷ. 2002ರಲ್ಲಿ ವಿತರಣೆ ಬೇರೆ ಬೇರೆ ಕಂಪನಿಗಳ ಕೈಗೆ ಹೋಯಿತು. ಆ ಮೇಲೆ ಬಂದ 2003ರ ವಿದ್ಯುಚ್ಛಕ್ತಿ ಕಾಯ್ದೆಯ 57ನೇ ಕಲಮು ನನಗೆ ಬೇಕಾಗಿದ್ದು. ವಿತರಣಾ ಕಂಪನಿ ಯಾವ ಕೆಲಸವನ್ನು ಎಷ್ಟು ಹೊತ್ತಿನಲ್ಲಿ ಮಾಡಬೇಕು ಅಂತ ಆಯೋಗ ಗೊತ್ತುಮಾಡಬೇಕು, ತಪ್ಪಿದರೆ ಗ್ರಾಹಕನಿಗೆ ಪರಿಹಾರ ಕೊಡಬೇಕು ಅನ್ನುತ್ತದೆ ಅದು. ಆಯೋಗ 2004ರಲ್ಲೇ ಆ ಪಟ್ಟಿ ಮಾಡಿಟ್ಟಿತ್ತು. ಹಳ್ಳಿಯಲ್ಲಿ ಲೈನ್ ಕಡಿದು ಬಿದ್ದರೆ 24 ಗಂಟೆ. ಟಿಸಿ, ಅಂದರೆ ಊರಿನ ಟ್ರಾನ್ಸ್‌ಫಾರ್ಮರ್, ಸುಟ್ಟರೆ 72 ಗಂಟೆ, ಅದೇ ಪೇಟೆಯಲ್ಲಾದರೆ 24. ಹದಿನಾಲ್ಕು ವರ್ಷದಿಂದ ಈ ಪಟ್ಟಿ ಇತ್ತು, ನಮ್ಮೂರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಆದರೆ ಈ ಗಂಟೆಗಳನ್ನು ಎಣಿಸುವುದು ಕರೆಂಟು ಹೋದ ಹೊತ್ತಿನಿಂದ ಅಲ್ಲ, ದೂರು ಮುಟ್ಟಿದ ಹೊತ್ತಿನಿಂದ. ಅಂದರೆ ನನ್ನ ಮೊದಲ ವರ್ಷದ ನೋಟ್‌ಬುಕ್ ಇಡೀ ರದ್ದಿ.

ಸರಿ, ಕಂಪನಿಯ ದೂರಿನ ನಂಬರ್ 1912ಕ್ಕೆ ಫೋನ್ ಮಾಡಿ ಡಾಕೆಟ್ ನಂಬರ್, ಅಂದರೆ ದೂರು ದಾಖಲಾದ ಸಂಖ್ಯೆ, ತೆಗೆದುಕೊಳ್ಳೋಣ ಅಂದರೆ, ನಮ್ಮಲ್ಲಿ ಕರೆಂಟು ಹೋದ ಎರಡು ಮೂರು ಗಂಟೆಗೆ ಟವರಿನ ಬ್ಯಾಟರಿಯೂ ಮಲಗುತ್ತದೆ. ಕರೆಂಟು ಇಲ್ಲ ಅಂತ ಹೇಳಲು ಕರೆಂಟು ಬೇಕು! 2019ರ ಜೂನಿನಲ್ಲಿ ನಾವು ಆರು ಮನೆಯವರು ಸೇರಿ ಒಂದು ವ್ಯವಸ್ಥೆ ಮಾಡಿಕೊಂಡೆವು. ಕರೆಂಟು ಹೋದ ಅರ್ಧ ಗಂಟೆಯೊಳಗೆ, ಸಿಗ್ನಲ್ ಇರುವಾಗಲೇ, ಯಾರಾದರೂ ಒಬ್ಬರು ಫೋನ್ ಮಾಡಿ ನಂಬರ್ ಬರೆಸುವುದು. ಆಗದಿದ್ದರೆ ಡೇರಿಗೆ ಹಾಲು ಒಯ್ಯುವ ಹುಡುಗನ ಕೈಲಿ ಚೀಟಿ. ಅವನು ಹೋಗುವಾಗ ಸೆಕ್ಷನ್ ಆಫೀಸಿನಲ್ಲಿ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡು ಬರುತ್ತಿದ್ದ. ಪ್ರತಿ ದೂರಿನಲ್ಲೂ ಆರ್‌ಆರ್ ನಂಬರ್, ಅಂದರೆ ಬಿಲ್ಲಿನ ಮೇಲಿರುವ ಸಂಪರ್ಕದ ಸಂಖ್ಯೆ, ಬರೆಯುತ್ತಿದ್ದೆವು. ಅದಿಲ್ಲದಿದ್ದರೆ ಯಾವ ಕಂಬ, ಯಾವ ಟಿಸಿ ಅಂತ ಅವರಿಗೂ ತಿಳಿಯುವುದಿಲ್ಲ.

ನೋಟ್‌ಬುಕ್ಕಿಗೆ ಇನ್ನೆರಡು ಕಾಲಂ ಸೇರಿಸಿದೆ. ಎಲ್ಲಿ ಹೋಗಿತ್ತು, ಏನಾಗಿತ್ತು. ಇದನ್ನು ಹೇಳಿಕೊಟ್ಟವರು ಲೈನ್‌ಮನ್ ನಾಯ್ಕರು. ಕೊಡೆ ಹಿಡಿದು ಅವರ ಹಿಂದೆ ಬೆಟ್ಟ ಹತ್ತಿದಾಗಲೇ ನನಗೆ ಲೈನು ಓದಲು ಬಂದಿದ್ದು. ಮುಂಚೆ "ಕರೆಂಟು ಹೋಯ್ತು" ಅಂತ ಒಂದೇ ಮಾತಿತ್ತು. ಈಗ ಬೇರೆ ಬೇರೆ ಕಾಣತೊಡಗಿತು. ಇನ್ಸುಲೇಟರ್ ಬಿರುಕು ಬಿಟ್ಟು ನೀರು ಇಳಿದದ್ದು ಬೇರೆ, ಕಂಬದ ಮೇಲೆ ತಂತಿಗೆ ತಂತಿ ಸೇರಿಸುವ ಜಂಪ್ ಕಡಿದದ್ದು ಬೇರೆ, ಬಿದಿರು ಮೆಳೆ ಗಾಳಿಗೆ ಬಾಗಿ ತಂತಿ ಮುಟ್ಟಿದ್ದು ಬೇರೆ. ಕೊನೆಯದರಲ್ಲಿ ಕರೆಂಟು ಹೋಗಿ ಬಂದು, ಹೋಗಿ ಬಂದು ಮಾಡುತ್ತದೆ. ಲೈನ್‌ಮನ್ನರು ಇಬ್ಬರೇ ಜನ. ನೋಡಿಕೊಳ್ಳಬೇಕಾದ ಊರು ಎಷ್ಟೋ. ರಾತ್ರಿ ಹನ್ನೊಂದಕ್ಕೆ ಉಂಬಳ ಕಚ್ಚಿಸಿಕೊಂಡು ಲೈನ್ ಗುಂಟ ನಡೆಯುವವರ ಮೇಲೆ ಕೂಗಾಡುವುದನ್ನು ನಾನು ಆ ವರ್ಷವೇ ಬಿಟ್ಟೆ.

ನಮ್ಮವರ ತಪ್ಪೂ ಇದೆ, ಹೇಳಿಬಿಡುತ್ತೇನೆ. ಮೇ ತಿಂಗಳಲ್ಲಿ ಟೊಂಗೆ ಕಡಿಯಲು ಬಂದರೆ "ನಮ್ಮ ಸೊಪ್ಪಿನ ಬೆಟ್ಟ, ಮುಟ್ಟಬೇಡಿ" ಅಂತ ವಾಪಸ್ ಕಳಿಸಿದವರು ನಾವೇ. ತೋಟಕ್ಕೆ ಸೊಪ್ಪು ತರುವ ಕಾಡು ಅದು. ನನ್ನ ಹಲಸಿನ ಮರವೂ ಅದರಲ್ಲಿ ಒಂದು. ಜುಲೈನಲ್ಲಿ ಅದೇ ಮರದ ಟೊಂಗೆ ತಂತಿ ಮೇಲೆ ಬಿತ್ತು. ನೋಟ್‌ಬುಕ್ಕಿನಲ್ಲಿ ಅದನ್ನೂ ಬರೆದಿದ್ದೇನೆ.

2019ರ ಆಗಸ್ಟ್ ಮೊದಲ ವಾರದ ಮಳೆ ಜಿಲ್ಲೆಯಲ್ಲಿ ಯಾರಿಗೂ ಮರೆತಿರಲಿಕ್ಕಿಲ್ಲ. ಕದ್ರಾ ಅಣೆಕಟ್ಟಿನ ಗೇಟು ತೆಗೆದು ಕಾಳಿ ದಂಡೆಯ ಊರುಗಳು ಮುಳುಗಿದ ಮಳೆ ಅದು. ಘಟ್ಟದ ರಸ್ತೆಗಳಲ್ಲೆಲ್ಲ ಮಣ್ಣು ಕುಸಿದಿತ್ತು. ನಮ್ಮಲ್ಲೂ ದಿನಗಟ್ಟಲೆ ಕತ್ತಲು. ದೂರು ಬರೆಯುವಾಗ ಆ ದಿನಗಳನ್ನೆಲ್ಲ ಪೆನ್ಸಿಲಿನಲ್ಲಿ ಗೀಟು ಹಾಕಿ ಬಿಟ್ಟೆ. ಪ್ರವಾಹ, ಚಂಡಮಾರುತ ಬಂದರೆ ಕಂಪನಿಗೆ ವಿನಾಯಿತಿ ಇದೆ, ಇರಬೇಕಾದದ್ದೇ. ಭಾವನಿಗೆ ಇದು ಸಿಟ್ಟು ತರಿಸಿತು. "ಗಂಟೆ ಜಾಸ್ತಿ ಇದ್ರೆ ಒಳ್ಳೇದಲ್ದಾ ಮಾರಾಯಾ?" ಆದರೆ ಆ ದಿನಗಳನ್ನೂ ಸೇರಿಸಿದ್ದರೆ ಅವರ ಉತ್ತರ ಪೂರ್ತಿ ಅದರ ಮೇಲೇ ನಿಂತಿರುತ್ತಿತ್ತು.

ನವೆಂಬರಿನಲ್ಲಿ ಗ್ರಾಹಕರ ಕುಂದುಕೊರತೆ ವೇದಿಕೆಗೆ ಅರ್ಜಿ ಹಾಕಿದೆ. ಪ್ರತಿ ವಿತರಣಾ ಕಂಪನಿಯೂ ಇಂಥ ವೇದಿಕೆ ಇಟ್ಟಿರಲೇಬೇಕು, ಅದೂ 2003ರ ಕಾಯ್ದೆಯಲ್ಲೇ ಇದೆ. ಅಲ್ಲಿ ಸಮಾಧಾನ ಆಗದಿದ್ದರೆ ಆಯೋಗ ನೇಮಿಸುವ ಓಂಬುಡ್ಸ್‌ಮನ್, ಅಂದರೆ ಮೇಲ್ಮನವಿ ಕೇಳುವವರ ಹತ್ತಿರ ಹೋಗಬಹುದು. ವಕೀಲರು ಬೇಕಿಲ್ಲ. ನಾನು ಹೋಗಿದ್ದು ನೋಟ್‌ಬುಕ್, ಡಾಕೆಟ್ ನಂಬರ್ ಪಟ್ಟಿ, ಸೀಲು ಬಿದ್ದ ಹನ್ನೊಂದು ಚೀಟಿ ಹಿಡಿದುಕೊಂಡು.

ಅವತ್ತಿನ ವಿಚಾರಣೆಯಲ್ಲಿ ನಡೆದದ್ದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ನನ್ನ ದೂರಿನಲ್ಲಿ ಜುಲೈ ತಿಂಗಳ ಒಂದು ಘಟನೆ ಮುಖ್ಯವಾಗಿತ್ತು. 41 ಗಂಟೆ ಕರೆಂಟು ಇರಲಿಲ್ಲ, ಡಾಕೆಟ್ ನಂಬರ್ ಇತ್ತು. ಕಂಪನಿಯ ಕಡೆಯವರು ಸಬ್‌ಸ್ಟೇಷನ್ನಿನ ಲಾಗ್‌ಬುಕ್ ತಂದಿದ್ದರು. ಅದರಲ್ಲಿ ಆ ದಿನ ನಮ್ಮ 11 ಕೆವಿ ಫೀಡರ್, ಅಂದರೆ ಸಬ್‌ಸ್ಟೇಷನ್ನಿನಿಂದ ನಮ್ಮ ಕಡೆ ಬರುವ ಮುಖ್ಯ ಲೈನು, ಬಂದ್ ಇದ್ದದ್ದು ಐವತ್ತು ನಿಮಿಷ ಮಾತ್ರ. ತಿದ್ದಿಲ್ಲ, ಅಳಿಸಿಲ್ಲ, ಗಂಟೆಗಂಟೆಯ ರೀಡಿಂಗ್ ಚಂದಾಗಿ ಬರೆದಿದೆ. ನನಗೆ ಒಂದು ಕ್ಷಣ ಬಾಯಿ ಕಟ್ಟಿತು. ಸುಳ್ಳು ಯಾರದ್ದು?

ಯಾರದ್ದೂ ಅಲ್ಲ. ಬೆಟ್ಟದಲ್ಲಿ ತಂತಿ ಕಡಿದಾಗ ಫೀಡರ್ ಟ್ರಿಪ್ ಆಯಿತು. ನಾಯ್ಕರು ಲೈನ್ ಗುಂಟ ಬಂದು, ನಮ್ಮೂರಿನ ಕವಲಿಗಿಂತ ಮುಂಚೆ ಇರುವ ಜಿಒಎಸ್ ಎಳೆದರು. ಅಂದರೆ ಕಂಬದ ಮೇಲಿನ ಸ್ವಿಚ್ಚು. ಅಲ್ಲಿಂದ ಹಿಂದಿನ ಭಾಗಕ್ಕೆ, ಪೇಟೆ ಅಂಚಿನ ಮನೆಗಳಿಗೆಲ್ಲ, ಸಬ್‌ಸ್ಟೇಷನ್ನಿನಿಂದ ಮತ್ತೆ ಕರೆಂಟು ಕೊಟ್ಟರು. ಅವರು ಮಾಡಿದ್ದು ಸರಿಯೇ, ಒಂದು ಕವಲಿಗಾಗಿ ಎಲ್ಲರನ್ನೂ ಕತ್ತಲಲ್ಲಿ ಇಡಬಾರದು. ಆದರೆ ಲಾಗ್‌ಬುಕ್ಕಿಗೆ ಫೀಡರ್ "ಚಾಲೂ". ಸ್ವಿಚ್ಚಿನ ಈಚೆ ಕತ್ತಲಲ್ಲಿ ಕೂತ ನಾವು ಆ ಪುಸ್ತಕದಲ್ಲಿ ಇಲ್ಲವೇ ಇಲ್ಲ.

ಸೈಡಿ, ಸೈಫಿ ಅಂತ ಎರಡು ಲೆಕ್ಕ ಇದೆ. ಒಬ್ಬ ಗ್ರಾಹಕನಿಗೆ ಸರಾಸರಿ ಎಷ್ಟು ಹೊತ್ತು ಕರೆಂಟು ಇರಲಿಲ್ಲ ಅನ್ನುವುದು ಮೊದಲನೆಯದು, ಎಷ್ಟು ಸಲ ಹೋಯಿತು ಅನ್ನುವುದು ಎರಡನೆಯದು. ಜಗತ್ತಿನಾದ್ಯಂತ ವಿದ್ಯುತ್ ಕಂಪನಿಗಳನ್ನು ಅಳೆಯುವ ಕೋಲು ಇದೇ. ಕೋಲು ಸರಿ ಇದೆ. ಇಲ್ಲಿ ಅದನ್ನು ನೆಟ್ಟಿದ್ದು ಸಬ್‌ಸ್ಟೇಷನ್ನಿನ ಅಂಗಳದಲ್ಲಿ. ಅದಕ್ಕಿಂತ ಈಚೆ ಕವಲು ಬಿಡಿಸಿದ್ದು, ಟಿಸಿ ಸುಟ್ಟಿದ್ದು, ಕಂಬದ ಫ್ಯೂಸು ಹೋಗಿದ್ದು ಅದಕ್ಕೆ ತಾಗುವುದಿಲ್ಲ. ಕಾಡಿನ ನಡುವೆ ಹರಡಿಕೊಂಡ ನಮ್ಮಂಥ ಊರುಗಳಲ್ಲಿ ಕರೆಂಟು ಹೋಗುವುದು ಹೆಚ್ಚಾಗಿ ಅಲ್ಲೇ. ಮೇಲಿನಿಂದ ನಿಯಂತ್ರಿಸುವವರಿಗೆ ಸಿಗುವ ಕಾಗದದಲ್ಲಿ ನಮ್ಮ ಫೀಡರ್ ಚೆನ್ನಾಗಿಯೇ ಇರುತ್ತದೆ.

ವೇದಿಕೆಯ ಅಧ್ಯಕ್ಷರು ಕಂಪನಿಯ ಹಿರಿಯ ಅಧಿಕಾರಿಯೇ. ಅವರಿಗೆ ಇದನ್ನು ಬಿಡಿಸಿ ಹೇಳುವ ಕಷ್ಟ ಇರಲಿಲ್ಲ, ಹತ್ತು ಕಂಬ ಹತ್ತಿ ಇಳಿದವರು. ಎದುರಿನವರನ್ನು ಒಂದೇ ಮಾತು ಕೇಳಿದರು: "ಜಿಒಎಸ್ ತೆಗೆದಿದ್ದು, ಹಾಕಿದ್ದು ಎಲ್ಲಿ ಬರೀತೀರಿ?" ಉತ್ತರ ಬರಲಿಲ್ಲ.

ಎರಡು ತಿಂಗಳ ಮೇಲೆ ಆದೇಶ ಬಂತು. ಕವಲು ಬಿಡಿಸಿದ ಹೊತ್ತು, ಹಾಕಿದ ಹೊತ್ತು ಎರಡನ್ನೂ ಇನ್ನು ಮೇಲೆ ಬರೆದಿಡಬೇಕು. ನೋಟ್‌ಬುಕ್ಕಿನ ಪ್ರಕಾರ ಮತ್ತೆ ಮತ್ತೆ ತೊಂದರೆ ಕೊಟ್ಟ ಜಾಗದ ಆರು ಕಂಬಗಳನ್ನು ಬೆಟ್ಟದಿಂದ ರಸ್ತೆ ಬದಿಗೆ ತರಬೇಕು. ಜೊತೆಗೆ ಪರಿಹಾರ. ಪರಿಹಾರ ಬಿಲ್ಲಿನಲ್ಲಿ ಕಳೆದು ಬಂತು. ಆ ದುಡ್ಡಿಗೆ ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರಿಗೆ ಬನ್ಸು, ಚಾ ಆಗುತ್ತಿತ್ತು. ಭಾವ ಅದನ್ನು ಕೇಳಿ ಒಂದು ವಾರ ನಕ್ಕ. ನಗಲಿ. ನನಗೆ ಬೇಕಾಗಿದ್ದು ಆ ಆರು ಕಂಬ.

ದರ ವಿಚಾರಣೆಗೂ ಒಮ್ಮೆ ಹೋಗಿಬಂದೆ. ದರ ಏರಿಸಿ ಅಂತ ಕಂಪನಿ ಅರ್ಜಿ ಹಾಕಿದಾಗ ಅದನ್ನು ಪ್ರಕಟಿಸಿ, ಜನರ ಆಕ್ಷೇಪಣೆ ಕೇಳಿಯೇ ಆಯೋಗ ತೀರ್ಮಾನ ಮಾಡಬೇಕು. ಯಾರು ಬೇಕಾದರೂ ಹೋಗಬಹುದು. ಹೆಚ್ಚಿನವರು "ಏರಿಸಬೇಡಿ" ಅಂತ ಹೇಳಿ ಕೂತರು. ನಾನು ದರದ ಸುದ್ದಿಗೇ ಹೋಗಲಿಲ್ಲ. ಲಾಗ್‌ಬುಕ್ಕಿನ ಪುಟ, ನನ್ನ ನೋಟ್‌ಬುಕ್ಕಿನ ಪುಟ ಎರಡರ ನಕಲು ಅಕ್ಕಪಕ್ಕ ಇಟ್ಟು ಕೊಟ್ಟೆ. ಒಂದೇ ದಿನ, ಒಂದೇ ಫೀಡರ್. ಮಾತಾಡಲು ಸಿಕ್ಕಿದ್ದು ನಾಲ್ಕು ನಿಮಿಷ, ಅದರಲ್ಲೂ ಒಂದು ನಿಮಿಷ ಮೈಕು ಕೆಟ್ಟಿತ್ತು. ಕೊಟ್ಟ ಕಾಗದ ಮಾತ್ರ ಕಡತಕ್ಕೆ ಸೇರಿತು, ಕಂಪನಿ ಲಿಖಿತ ಉತ್ತರ ಕೊಡಬೇಕಾಯಿತು.

ಇಂಥ ಸಭೆಗಳಲ್ಲಿ, ಮದುವೆ ಮನೆಯಲ್ಲಿ, ಎಲ್ಲಿ ಈ ಮಾತು ಬಂದರೂ ಒಬ್ಬರು ಎದ್ದು "ಕೈಗಾ ನಮ್ಮದು, ಸೂಪಾ ನಮ್ಮದು, ಗೇರುಸೊಪ್ಪ ನಮ್ಮದು, ಆದರೂ ನಮಗೇ ಕತ್ತಲು" ಅನ್ನುತ್ತಾರೆ. ನಿಜವೇ. ಕೈಗಾದಲ್ಲೇ 220 ಮೆಗಾವಾಟಿನ ನಾಲ್ಕು ಘಟಕ ಇವೆ. ಆದರೆ ಅದನ್ನು ಹೇಳಿದರೆ ಚಪ್ಪಾಳೆ ಬೀಳುತ್ತದೆ, ತಂತಿ ಮೇಲಿನ ಟೊಂಗೆ ಬೀಳುವುದಿಲ್ಲ. ಆ ವಿದ್ಯುತ್ತು ದೊಡ್ಡ ಗೋಪುರಗಳ ಮೇಲೆ ಗ್ರಿಡ್ಡಿಗೆ ಹೋಗುತ್ತದೆ. ನಮ್ಮ ಕತ್ತಲು ಹುಟ್ಟುವುದು ಕೊನೆಯ ಕೆಲವೇ ಕಿಲೋಮೀಟರಿನಲ್ಲಿ.

2020ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮ ತಂದಿತು. ದೂರದಿಂದಲೇ ಅಳೆದು ನೋಡಲು ಬರುವ ತಪ್ಪುಗಳಿಗೆ ಕೇಳದೆಯೇ, ತನ್ನಷ್ಟಕ್ಕೇ ಪರಿಹಾರ ಜಮಾ ಆಗಬೇಕು ಅನ್ನುತ್ತದೆ ಅದು. ವೇದಿಕೆಯಲ್ಲಿ ಗ್ರಾಹಕರ ಪ್ರತಿನಿಧಿಗಳು ಇರಬೇಕು ಅಂತಲೂ ಇದೆ. ನನ್ನ ಕಣ್ಣು ಮಾತ್ರ "ದೂರದಿಂದಲೇ ಅಳೆದು ನೋಡಲು ಬರುವ" ಅನ್ನುವಲ್ಲೇ ನಿಂತಿತು. ಜಿಒಎಸ್ಸಿನ ಈಚೆ ಕಡೆ ಅಳೆಯುವವರು ಯಾರು? ಟಿಸಿಗೆ ಮೀಟರ್ ಕೂರಿಸಿ ಅದರ ಲೆಕ್ಕವನ್ನೇ ಹಿಡಿಯಲಿ ಅಂತ ಈಗ ಬರೆಯುತ್ತಾ ಇದ್ದೇನೆ.

ಕಂಬ ರಸ್ತೆಗೆ ಬರಲು ಆದೇಶದ ಮೇಲೂ ಒಂದೂವರೆ ವರ್ಷ ಹಿಡಿಯಿತು. ಅರಣ್ಯ ಇಲಾಖೆಯ ಒಪ್ಪಿಗೆ, ಟೆಂಡರು, ನಡುವೆ ಕೊರೋನಾ. ಆ ಆರು ಕಂಬದ ಜಾಗದಲ್ಲಿ ಈಗ ತೊಂದರೆ ಇಲ್ಲ. ಅದರಿಂದ ಮುಂದೆ, ಹಳ್ಳದ ಆಚೆ, ಇನ್ನೂ ಇದೆ. ಗಿರಣಿಗೆ ಸಿಂಗಲ್ ಫೇಸ್ ಪ್ರಿವೆಂಟರ್ ಹಾಕಿಸಿದ್ದೇನೆ, ಒಂದು ಫೇಸು ಹೋದರೆ ಅದು ಮೋಟಾರು ನಿಲ್ಲಿಸುತ್ತದೆ. ಅದನ್ನು 2018ರಲ್ಲೇ ಹಾಕಿಸಿದ್ದರೆ ಒಂದು ಮೋಟಾರು ಉಳಿಯುತ್ತಿತ್ತು.

ಕಳೆದ ಜೂನಿನಲ್ಲಿ ಒಂದು ರಾತ್ರಿ ಒಂಬತ್ತೂವರೆಗೆ ನಾಯ್ಕರ ಫೋನ್ ಬಂತು. ಹೊಸ ಹುಡುಗನೊಬ್ಬ ಅವರ ಜೊತೆ ಕೆಲಸಕ್ಕೆ ಸೇರಿದ್ದ, ಇಬ್ಬರೂ ಮಳೆಯಲ್ಲಿ ಹಳ್ಳದ ಹತ್ತಿರ ನಿಂತಿದ್ದರು. "ಹೆಗಡೇರೇ, ನಿಮ್ಮ ಪುಸ್ತಕ ತೆಗೀರಿ. ಹೋದ ವರ್ಷ ಇಲ್ಲಿ ಇನ್ಸುಲೇಟರ್ ಹೋಗಿದ್ದು ಯಾವ ಕಂಬದ್ದು?" ಟಾರ್ಚು ಹಿಡಿದು ಪುಟ ತಿರುವಿದೆ. ಹಳ್ಳದಿಂದ ಮೂರನೆಯದು. ಹೇಳಿದೆ. ಹತ್ತೂ ಕಾಲಿಗೆ ಕರೆಂಟು ಬಂತು, ಬಂದ ಹೊತ್ತು ಬರೆದು ಮಲಗಿದೆ.