ಫೇಡರ್ ಪೂರ್ತಿ ಇಳಿಸಬೇಡಿ

10ಸಿಸಿ ಬ್ಯಾಂಡಿನ ‘ಐಯಾಮ್ ನಾಟ್ ಇನ್ ಲವ್’ ಕೇಳಿದವರಿಗೆ ಅದರ ಹಿಂದೆ ತೇಲುವ ‘ಆ...’ ನೆನಪಿರುತ್ತದೆ. ಆ ದನಿಗಳ ರಾಶಿಯನ್ನು ಮನೆಯಲ್ಲೇ ಕಟ್ಟಬೇಕು ಅಂತ ನನಗೆ ಬಹಳ ಕಾಲದ ಆಸೆ. ಕೀಬೋರ್ಡಿನಲ್ಲಿ ಕಾಯರ್ ಸೌಂಡ್, ಅಂದರೆ ಗುಂಪಾಗಿ ಹಾಡುವ ದನಿ, ಇದ್ದೇ ಇದೆ, ಸುಮ್ನೆ ಒತ್ತಿದರಾಯಿತು. ಆದರೆ ಆ ಸೊಗಸು ಬರೋದಿಲ್ಲ.

1975ರ ಹಾಡು ಇದು. ಇಂಗ್ಲೆಂಡಿನ ಸ್ಟಾಕ್‌ಪೋರ್ಟ್‌ನಲ್ಲಿದ್ದ ಸ್ಟ್ರಾಬೆರಿ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿದ್ದು. ಬ್ಯಾಂಡಿನ ನಾಲ್ವರಲ್ಲಿ ಎರಿಕ್ ಸ್ಟೀವರ್ಟ್ ಮಿಕ್ಸಿಂಗ್ ಡೆಸ್ಕ್ ಮುಂದೆ ಕೂತರೆ, ಉಳಿದ ಮೂವರು ಒಂದೇ ಸ್ವರವನ್ನು 16 ಸಲ ಹಾಡಿದರು. ಅಲ್ಲಿಗೆ 48 ದನಿ. ಹೀಗೇ ಒಂದೊಂದು ಸ್ವರಕ್ಕೂ ಮಾಡಿದರು, ಒಟ್ಟು ಲೆಕ್ಕ 600 ದಾಟಿತು. ಪ್ರತಿ ಸ್ವರವನ್ನೂ ಟೇಪ್ ಲೂಪ್ ಮಾಡಿ, ಅಂದರೆ ಟೇಪಿನ ತುದಿಗಳನ್ನು ಜೋಡಿಸಿ ನಿಲ್ಲದೆ ಸುತ್ತುವ ಹಾಗೆ ಮಾಡಿ, ಒಂದೊಂದು ಫೇಡರಿಗೆ (ಸದ್ದು ಏರಿಸಿ ಇಳಿಸುವ ಜಾರುಗುಂಡಿಗೆ) ಕೊಟ್ಟು, ಆಮೇಲೆ ಫೇಡರುಗಳನ್ನೇ ವಾದ್ಯದ ಹಾಗೆ ನುಡಿಸಿದರು.

ನನ್ನ ಹತ್ತಿರ ಇದ್ದದ್ದು ಒಂದು ಲ್ಯಾಪ್‌ಟಾಪ್, ಒಂದು ಕಂಡೆನ್ಸರ್ ಮೈಕ್. ಹಾಡಲು ನಾನು, ನನ್ನ ಹೆಂಡತಿ, ಭಾವಮೈದ. ಫ್ಯಾನ್ ಆಫ್ ಮಾಡಿ, ಕುಕ್ಕರ್ ಇಳಿಸಿದ ಮೇಲೆ ಶುರು. ಕಿವಿಗೆ ಇಯರ್‌ಫೋನ್‌ನಲ್ಲಿ ಶ್ರುತಿ. ಕಷ್ಟವಾಗಿದ್ದು ಗಮಕ! ಚಿಕ್ಕಂದಿನಿಂದ ಸಂಗೀತ ಕಲಿತ ಗಂಟಲು ಗಾಂಧಾರವನ್ನು ನೆಟ್ಟಗೆ ಹಿಡಿಯುವುದೇ ಇಲ್ಲ. ಇಲ್ಲಿ ಸ್ವರ ಅಲುಗಾಡಬಾರದು. ಕೊನೆಗೆ ಬಾಯನ್ನು ಅರ್ಧ ಮಾತ್ರ ತೆರೆದು, ಮಾತಾಡುವಷ್ಟೇ ಜೋರಾಗಿ ಹಾಡಿದಾಗ ಸರಿಹೋಯಿತು.

ಒಂದು ಸಲ ಹಾಡಿದ್ದನ್ನೇ ಕಾಪಿ ಮಾಡಿ ಒಂದರ ಮೇಲೊಂದು ಇಟ್ಟರೆ ಸದ್ದು ಜಾಸ್ತಿಯಾಗುತ್ತದೆ, ಅಷ್ಟೇ. ಪ್ರತಿ ಸಲವೂ ಹೊಸದಾಗಿ ಹಾಡಲೇಬೇಕು. ಶ್ರುತಿಯಲ್ಲಿ ಕೂದಲೆಳೆಯಷ್ಟು ಆಚೀಚೆ ಆಗುತ್ತದಲ್ಲ, ದನಿಗೆ ಮೈ ಬರುವುದೇ ಅದರಿಂದ. ಉಸಿರಿನ ಸದ್ದು ಕತ್ತರಿಸಿ, ಲೂಪಿನ ಎರಡೂ ತುದಿಗಳನ್ನು ಕ್ರಾಸ್‌ಫೇಡ್‌ನಲ್ಲಿ, ಅಂದರೆ ಒಂದು ಇಳಿಯುವಾಗ ಇನ್ನೊಂದು ಏರುವ ಹಾಗೆ, ಬೆಸೆದೆ.

10ಸಿಸಿಯವರು ಇನ್ನೊಂದು ಜಾಣತನ ಮಾಡಿದ್ದರು. ಫೇಡರುಗಳ ಕೆಳತುದಿಗೆ ಟೇಪ್ ಅಂಟಿಸಿ, ಯಾವುದೂ ಪೂರ್ತಿ ಮುಚ್ಚದ ಹಾಗೆ ನೋಡಿಕೊಂಡರು. ನಾನೂ ಎಲ್ಲ ಟ್ರ್ಯಾಕನ್ನೂ ಸೊನ್ನೆಗಿಂತ ಸ್ವಲ್ಪ ಮೇಲೇ ನಿಲ್ಲಿಸಿದೆ. ಹಾಡಿನ ಬಣ್ಣವೇ ಬದಲಾಯಿತು. ತಂಬೂರಿಯಲ್ಲಿ ಸ-ಪ ಮೊಳಗಿದರೆ ಮನಸ್ಸು ಕೂರುತ್ತದೆ. ಇಲ್ಲಿ ಬೇಡದ ಸ್ವರಗಳೂ ತಳದಲ್ಲಿ ಗುಂಯ್‌ಗುಡುತ್ತವೆ, ಮನಸ್ಸು ಕೂರೋದಿಲ್ಲ. ಹಾಡುವವನ ಕಥೆಯೂ ಅದೇ ಅಲ್ವಾ? ನನಗೆ ಪ್ರೀತಿ-ಗೀತಿ ಏನಿಲ್ಲ, ನಿನ್ನ ಫೋಟೋ ತೂಗುಹಾಕಿದ್ದು ಗೋಡೆಯ ಕಲೆ ಮುಚ್ಚೋಕೆ ಅಂತಾನೆ. ಹಿಂದಿನ ದನಿಗಳು ಮಾತ್ರ ಬಾಯಿ ಮುಚ್ಚುವುದಿಲ್ಲ. ಇಷ್ಟು ವರ್ಷವಾದರೂ ಜನ ಈ ಹಾಡನ್ನು ಬಿಡದಿರುವುದು ಇದಕ್ಕೇ ಅಂತ ನನ್ನ ಅನಿಸಿಕೆ. ರಾಗ ಚೆಂದವಿದೆ ನಿಜ, ಆದರೆ ಚೆಂದದ ರಾಗಗಳು ಬೇಕಾದಷ್ಟಿವೆ.

ನಡುವೆ ಒಂದು ಹೆಣ್ಣುದನಿಯ ಪಿಸುಮಾತು ಬರುತ್ತದೆ. ಅದು ಸ್ಟುಡಿಯೋದ ರಿಸೆಪ್ಷನಿಸ್ಟ್ ಕ್ಯಾಥಿ ರೆಡ್‌ಫರ್ನ್ ಅವರದ್ದು. ನಮ್ಮ ರೆಕಾರ್ಡಿಂಗ್‌ನಲ್ಲಿ ಆ ಜಾಗ ಇನ್ನೂ ಖಾಲಿ. ಮೈಕ್ ಮುಂದೆ ಪಿಸುಗುಟ್ಟಿದರೆ ನಗು ತಡೆಯೋಕಾಗಲ್ಲ ಅಂತಾಳೆ ನನ್ನ ಹೆಂಡತಿ.