ಮಾಯೆಯ ಪಿಡುಗಿಗೆ ದೈವರಕ್ಷೆ ಕಟ್ಟುವ ಬಗೆ: ಕಲ್ಪನಾಲೋಕದ ಕಥೆಗಾರರಿಗೆ

ಕಲ್ಪನಾಲೋಕದ ಕಥೆಗೆ ದೈವರಕ್ಷೆಯೊಂದನ್ನು ರೂಪಿಸಲು ಕುಳಿತವರು ಸಾಮಾನ್ಯವಾಗಿ ತಾಯತದಿಂದಲೇ ಆರಂಭಿಸುತ್ತಾರೆ. ಆರಂಭಿಸಬೇಕಾದದ್ದು ಪಿಡುಗಿನ ದಾರಿಯಿಂದ. ರೋಗವು ಯಾವುದನ್ನು ಹಿಡಿದು ಬರುತ್ತದೆಂದು ಗೊತ್ತಾಗದೆ ರಕ್ಷೆಯನ್ನು ಕೊರಳಿಗೆ ಕಟ್ಟಬೇಕೋ ಹೊಸ್ತಿಲಿಗೆ ಕಟ್ಟಬೇಕೋ ತೀರ್ಮಾನವಾಗದು. 1898ರಲ್ಲಿ ಮೈಸೂರು ಸಂಸ್ಥಾನಕ್ಕೆ ಪ್ಲೇಗು ಕಾಲಿಟ್ಟ ಮೇಲೆ, ಮನೆಯಲ್ಲಿ ಇಲಿ ಸತ್ತು ಬಿತ್ತೆಂದರೆ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಇಲಿಯ ಚಿಗಟದಿಂದ ರೋಗ ಹರಡುವುದು ಅವರಿಗೆ ತಿಳಿದಿರಲಿಲ್ಲ, ಆದರೆ ಮುನ್ಸೂಚನೆ ತಿಳಿದಿತ್ತು. ಕಥೆಯ ಪಿಡುಗಿಗೂ ಅಂಥದೊಂದು ಮುನ್ಸೂಚನೆಯನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಉದಾಹರಣೆಗೆ, ಮಂಡ್ಯದ ನಾಲಾ ಬಯಲನ್ನು ಹೋಲುವ ನಾಡೊಂದರಲ್ಲಿ ಪಿಡುಗು ಕಟ್ಟುನೀರಿನ (ನಾಲೆಗೆ ಕೆಲವು ದಿನ ನೀರು ಬಿಟ್ಟು ಕೆಲವು ದಿನ ನಿಲ್ಲಿಸುವ ಪದ್ಧತಿಯ) ಸರದಿಯಂತೆಯೇ ಊರಿಂದೂರಿಗೆ ಹರಿಯುತ್ತದೆ ಎಂದುಕೊಳ್ಳೋಣ. ನೀರು ಬಿಟ್ಟ ರಾತ್ರಿ ಗದ್ದೆಯ ಕಪ್ಪೆಗಳೆಲ್ಲ ಒಮ್ಮೆಗೇ ಸದ್ದಡಗುತ್ತವೆ. ಆ ನೀರನ್ನು ಮುಟ್ಟಿದವರ ಅಂಗೈಯ ಗೆರೆಗಳು ಅಳಿಸಿ, ಮೂರನೆಯ ದಿನ ಅವರಿಗೆ ತಮ್ಮ ಹೆಸರೇ ಮರೆತುಹೋಗುತ್ತದೆ. ದಾರಿ ನೀರಾದ್ದರಿಂದ ರಕ್ಷೆಯ ಜಾಗ ತೂಬು. ಹಾನಿ ಹೆಸರಿಗಾದ್ದರಿಂದ ರಕ್ಷೆಯ ಹುರುಳೂ ಹೆಸರೇ. ಊರಿನ ಪ್ರತಿಯೊಬ್ಬರ ಹೆಸರನ್ನು ಕೆತ್ತಿದ ತಾಮ್ರದ ತಗಡನ್ನು ಅರಿಶಿನದ ದಾರದಲ್ಲಿ ಬಿಗಿದು ತೂಬಿನ ಬಾಯಿಗೆ ಇಳಿಬಿಡಬೇಕು. ಅಷ್ಟೇ ಸಾಕು. ಬೇವು, ವಿಭೂತಿ, ಕಪ್ಪುದಾರ, ನಿಂಬೆಹಣ್ಣು ಎಲ್ಲವನ್ನೂ ತುರುಕಿದರೆ ಅದು ಗ್ರಂದಿಗೆ ಅಂಗಡಿಯ ಚೀಟಿಯಂತೆ ಕಾಣುತ್ತದೆ.

ರಕ್ಷೆಯ ಪಾವಿತ್ರ್ಯವು ಮಂತ್ರಕ್ಕಿಂತ ವ್ರತದಿಂದ ಬಂದರೆ ಒಳ್ಳೆಯದು, ಏಕೆಂದರೆ ಮಂತ್ರವನ್ನು ಬಾಯಿಪಾಠ ಮಾಡಿದರೆ ಸಾಕು, ವ್ರತವನ್ನು ಪಾತ್ರವು ಅನುಭವಿಸಲೇಬೇಕು. (ಸಂಸ್ಕೃತದಂತೆ ಕೇಳಿಸುವ ಸಾಲುಗಳನ್ನು ಹೊಸೆಯುವ ಶ್ರಮವೂ ತಪ್ಪುತ್ತದೆ.) ತಗಡನ್ನು ಇಳಿಬಿಡುವ ಅಧಿಕಾರವನ್ನು ಅರ್ಚಕರ ಬದಲು ನೀರುಗಂಟಿಗೆ, ಅಂದರೆ ತೂಬು ತೆರೆದು ಗದ್ದೆಗಳಿಗೆ ನೀರು ಹಂಚುವವನಿಗೆ, ಕೊಡಬಹುದು: ಗ್ರಾಮದೇವತೆಯ ಮುಂದೆ ಹರಕೆ ಹೊತ್ತ ಅವನ ಹೆಸರು ಮಾತ್ರ ತಗಡಿನಲ್ಲಿ ಇರಕೂಡದು ಎಂಬ ನಿಯಮವಿಟ್ಟರೆ, ಊರನ್ನು ಕಾಯುವವನೇ ಕಾವಲಿಲ್ಲದವನಾಗುತ್ತಾನೆ. ಯಾರ ಹೆಸರನ್ನು ಕೆತ್ತಿಸಬೇಕು, ಊರಾಚೆ ಬಿಡಾರ ಹೂಡಿದವರನ್ನು ಸೇರಿಸಬೇಕೇ ಎಂಬ ಜಗಳವೂ ಅಲ್ಲಿಂದಲೇ ಹುಟ್ಟುತ್ತದೆ.

ಹೆಚ್ಚಿನವರು ಕೇಳದೆ ಬಿಡುವ ಪ್ರಶ್ನೆ ಇನ್ನೊಂದಿದೆ: ರಕ್ಷೆ ತಡೆದ ಪಿಡುಗು ಎಲ್ಲಿಗೆ ಹೋಗುತ್ತದೆ? ನಮ್ಮ ಹಳ್ಳಿಗಳ ಮಾರಿಯ ಆಚರಣೆಗಳಲ್ಲಿ ಇದಕ್ಕೆ ಸ್ಪಷ್ಟವಾದ ಉತ್ತರವಿದೆ. ಮಾರಿಯನ್ನು ಯಾರೂ ಕೊಲ್ಲುವುದಿಲ್ಲ; ಎಡೆಯಿಟ್ಟು, ಸತ್ಕರಿಸಿ, ಊರ ಗಡಿ ದಾಟಿಸುತ್ತಾರೆ. ಗಡಿಯಾಚೆಯೂ ಒಂದು ಊರಿದೆ ಎಂಬುದನ್ನು ಕಥೆಗಾರ ಮರೆಯಬಾರದು. ಮೇಲಿನ ತೂಬಿಗೆ ತಗಡು ಬಿದ್ದರೆ ಪಿಡುಗು ನಾಲೆಯ ಕೊನೆ ಭಾಗದ ಊರನ್ನು ಸೇರುತ್ತದೆ. ನೀರು ಎಂದೂ ಸಾಲದಾಗುವ ಆ ಊರಿಗೆ ರೋಗ ಮಾತ್ರ ಇಡಿಯಾಗಿ ತಲುಪುತ್ತದೆ. ಆ ಊರಿನವರು ರಾತ್ರಿ ಬಂದು ತಗಡನ್ನು ಕಿತ್ತರೆ ಅವರನ್ನು ಖಳರೆಂದು ಕರೆಯುವುದು ಕಷ್ಟ, ಕಥೆಗೆ ಬೇಕಾದದ್ದೂ ಆ ಕಷ್ಟವೇ.

ಅವಧಿಯ ವಿಷಯದಲ್ಲಿ ಹೇಳುವುದು ಹೆಚ್ಚಿಲ್ಲ. ಒಂದು ಕಟ್ಟು ಮುಗಿದು ಮುಂದಿನ ನೀರು ಬರುವವರೆಗೆ ರಕ್ಷೆ ನಿಲ್ಲಲಿ, ಆಮೇಲೆ ಹೊಸ ತಗಡು ಬೇಕಾಗಲಿ. ಅದು ಸೋಲುವ ಲಕ್ಷಣವನ್ನು ಮಾತ್ರ ಓದುಗನಿಗೆ ಮುಂಚಿತವಾಗಿ ತಿಳಿಸಿರಬೇಕು: ಕಿಲುಬು ಹಿಡಿದ ಹೆಸರಿನವರು ಮೊದಲು ಬೀಳುತ್ತಾರೆಂದು ಆರಂಭದ ಅಧ್ಯಾಯದಲ್ಲೇ ಹೇಳಿಟ್ಟರೆ, ನೀರುಗಂಟಿ ತಗಡನ್ನು ಮೇಲೆತ್ತುವ ಪ್ರತಿ ಸಲವೂ ಓದುಗನು ಹೆಸರುಗಳನ್ನು ತಾನೇ ಹುಡುಕತೊಡಗುತ್ತಾನೆ.