ಲಾಗಿನ್ ಆದ ಮೇಲೆ ಪರದೆ ಖಾಲಿಯೇ? ಫಾರ್ಮ್ಯಾಟ್‌ಗೆ ಕೈ ಹಾಕಬೇಡಿ

ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರ ಲೆಕ್ಕಪತ್ರದ ಕೊಠಡಿ. ಫೆಬ್ರುವರಿ ತಿಂಗಳು, ಹೊರಗೆ ಇನ್ನೂ ಹೊಟ್ಟು ಬಿಡಿಸದ ಪಾರ್ಚ್‌ಮೆಂಟ್ ಕಾಫಿಯ ಮೂಟೆ ಹೊತ್ತ ಲಾರಿಗಳ ಸಾಲು. ಬೆಳಿಗ್ಗೆ ಗುಮಾಸ್ತರು ಪಾಸ್‌ವರ್ಡ್ ಹೊಡೆದರೆ ಸ್ವಾಗತದ ಮಾತು ಬಂದು ಹೋಯಿತು, ಆಮೇಲೆ ಕಪ್ಪು ಪರದೆ, ನಡುವೆ ಒಂದು ಬಿಳಿ ಬಾಣ. ಪರಿಚಯದ ಹುಡುಗನೊಬ್ಬ ಬಂದು ಮಧ್ಯಾಹ್ನದ ಊಟದೊಳಗೆ ಫಾರ್ಮ್ಯಾಟ್ ಮಾಡಿ ಮುಗಿಸಿದ. ಯಾವ ಬೆಳೆಗಾರರ ಮೂಟೆಯಿಂದ ಎಷ್ಟು ಬೀಜ ಸಿಕ್ಕಿತೆಂಬ ಔಟ್‌ಟರ್ನ್ ಪಟ್ಟಿ ಆ ಯಂತ್ರದೊಳಗೇ ಇತ್ತು, ಅದೂ ಹೋಯಿತು. ಆಮೇಲೆ ಆ ಯಂತ್ರವನ್ನು ಸರ್ವರ್‌ಗೆ ಮತ್ತೆ ಸೇರಿಸಲು ಹೋದರೆ ಸೇರಲೇ ಇಲ್ಲ. ನನ್ನನ್ನು ಕರೆದದ್ದು ಆಗ. ದೋಷ ಇದ್ದದ್ದು ಆ ಕಂಪ್ಯೂಟರ್‌ನಲ್ಲಿ ಅಲ್ಲವೇ ಅಲ್ಲ. ಎಲ್ಲಿತ್ತು ಎಂಬುದನ್ನು ಮುಂದೆ ಹೇಳುತ್ತೇನೆ.

ನಾಲ್ಕಾರು ಕಂಪ್ಯೂಟರ್‌ಗಳು ಒಂದು ವಿಂಡೋಸ್ ಸರ್ವರ್‌ಗೆ ಜೋಡಿಸಿಕೊಂಡಿರುವ ಕಚೇರಿಗಳಿಗಾಗಿ ಈ ಲೇಖನ. ಮನೆಯ ಲ್ಯಾಪ್‌ಟಾಪ್‌ನವರಿಗೆ ಇದರಲ್ಲಿ ಅರ್ಧ ಸಾಕು.

ಹಂತ 1: ಐದು ನಿಮಿಷ ಕೈ ಕಟ್ಟಿ ಕುಳಿತುಕೊಳ್ಳಿ

ಪವರ್ ಬಟನ್ ಒತ್ತಿ ಹಿಡಿಯಬೇಡಿ. ವಿಂಡೋಸ್ ಅಪ್‌ಡೇಟ್ ಆದ ಬೆಳಿಗ್ಗೆ ಪರದೆ ಕೆಲ ಹೊತ್ತು ಕಪ್ಪಗಿರುವುದುಂಟು. ಡಿಸ್ಕ್ ದೀಪ ಮಿನುಗುತ್ತಿದ್ದರೆ ಒಳಗೆ ಕೆಲಸ ನಡೆದಿದೆ ಎಂದೇ ಅರ್ಥ.

ಹಂತ 2: ಪರದೆಯದೇ ತಂಟೆಯೇ ನೋಡಿ

ಹಿಂದಿನ ದಿನ ಸಭೆಗೆಂದು ಪ್ರೊಜೆಕ್ಟರ್ ಜೋಡಿಸಿದ್ದಿರಾ? ವಿಂಡೋಸ್ ಕೀಲಿ ಮತ್ತು ಪಿ ಒಟ್ಟಿಗೆ ಒತ್ತಿ. ಚಿತ್ರ ಇನ್ನೊಂದು ಪರದೆಗೆ ಹೋಗುತ್ತಿದ್ದರೆ ತಿಳಿಯುತ್ತದೆ. ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ಈ ನಾಲ್ಕನ್ನೂ ಒಟ್ಟಿಗೆ ಒತ್ತಿದರೆ ಗ್ರಾಫಿಕ್ಸ್ ಡ್ರೈವರ್ ಹೊಸದಾಗಿ ಶುರುವಾಗುತ್ತದೆ.

ಹಂತ 3: ಜೀವ ಇದೆಯೇ ನೋಡಿ

ಕಂಟ್ರೋಲ್, ಶಿಫ್ಟ್, ಎಸ್ಕೇಪ್. ಟಾಸ್ಕ್ ಮ್ಯಾನೇಜರ್ ತೆರೆದರೆ ಅರ್ಧ ಗೆದ್ದಂತೆ. ವಿಂಡೋಸ್ ಬದುಕಿದೆ, ಡೆಸ್ಕ್‌ಟಾಪ್ ತೋರಿಸುವ ಎಕ್ಸ್‌ಪ್ಲೋರರ್ ಮಾತ್ರ ಎದ್ದಿಲ್ಲ. ‘ರನ್ ನ್ಯೂ ಟಾಸ್ಕ್’ ಒತ್ತಿ ಎಕ್ಸ್‌ಪ್ಲೋರರ್ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಕೊಡಿ. ಐಕಾನ್‌ಗಳು ಬಂದರೆ ಕುಣಿಯಬೇಡಿ. ಮೊದಲು ಬೇಕಾದ ಕಡತಗಳನ್ನೆಲ್ಲ ಪೆನ್ ಡ್ರೈವ್‌ಗೆ ನಕಲಿಸಿಕೊಳ್ಳಿ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಪತ್ರಗಳನ್ನು ಡೆಸ್ಕ್‌ಟಾಪ್ ಮೇಲೆ ಗುಡ್ಡೆ ಹಾಕಿಕೊಳ್ಳುವ ಚಾಳಿ ನಮ್ಮ ಕಚೇರಿಗಳಲ್ಲಿ ಎಷ್ಟಿದೆ ಎಂದು ನನಗೆ ಗೊತ್ತು.

ಹಂತ 4: ದೋಷ ಯಾರ ಬೆನ್ನು ಹತ್ತಿದೆ?

ಇದನ್ನು ಬಿಟ್ಟು ಮುಂದೆ ಹೋಗುವವರೇ ಹೆಚ್ಚು. ಎರಡು ಪರೀಕ್ಷೆ ಮಾಡಿ. ಕೆಟ್ಟ ಯಂತ್ರದಲ್ಲಿ ಬೇರೊಬ್ಬರಿಂದ ಲಾಗಿನ್ ಮಾಡಿಸಿ. ಕಷ್ಟಪಡುತ್ತಿರುವ ಗುಮಾಸ್ತರನ್ನು ಚೆನ್ನಾಗಿರುವ ಯಂತ್ರದಲ್ಲಿ ಕೂರಿಸಿ. ಒಬ್ಬರಿಗೆ ಮಾತ್ರ, ಒಂದೇ ಯಂತ್ರದಲ್ಲಿ ಮಾತ್ರ ಖಾಲಿ ಬಂದರೆ ಆ ಯಂತ್ರದಲ್ಲಿರುವ ಅವರ ಪ್ರೊಫೈಲ್, ಅಂದರೆ ಅವರ ಕಡತ ಮತ್ತು ಹೊಂದಿಕೆಗಳ ಗಂಟು, ಕೆಟ್ಟಿದೆ. ಯಾರು ಕುಳಿತರೂ ಆ ಯಂತ್ರ ಖಾಲಿಯಾದರೆ ಯಂತ್ರದ್ದೇ ದೋಷ. ಎಲ್ಲರಿಗೂ ಎಲ್ಲ ಕಡೆಯೂ ಹೀಗೇ ಆದರೆ ನೆಟ್‌ವರ್ಕ್ ಅಥವಾ ಸರ್ವರ್ ಕಡೆ ತಿರುಗಿ.

ಮೂರನೆಯ ಪರೀಕ್ಷೆ ನನಗೆ ಬಲು ಪ್ರಿಯ. ನೆಟ್‌ವರ್ಕ್ ಕೇಬಲ್ ಕಿತ್ತು, ಯಂತ್ರವನ್ನು ಮತ್ತೆ ಚಾಲೂ ಮಾಡಿ ಲಾಗಿನ್ ಆಗಿ. ಹಿಂದೆ ಆ ಯಂತ್ರದಲ್ಲಿ ಕುಳಿತವರ ಗುರುತನ್ನು ವಿಂಡೋಸ್ ನೆನಪಿಟ್ಟುಕೊಂಡಿರುತ್ತದೆ, ಸಾಮಾನ್ಯವಾಗಿ 10 ಲಾಗಿನ್‌ಗಳಷ್ಟು. ಹಾಗಾಗಿ ಸರ್ವರ್ ಇಲ್ಲದೆಯೂ ಒಳಗೆ ಬಿಡುತ್ತದೆ. ಕೇಬಲ್ ಇಲ್ಲದಾಗ ಡೆಸ್ಕ್‌ಟಾಪ್ ಥಟ್ಟನೆ ಬಂದು, ಚುಚ್ಚಿದಾಗ ಕಪ್ಪಾದರೆ ಕಳ್ಳ ತಂತಿಯ ಆಚೆ ತುದಿಯಲ್ಲಿದ್ದಾನೆ.

ಹಂತ 5: ಆ ತುದಿಯಲ್ಲಿ ಏನಿದೆ?

ಸರ್ವರ್ ಎಲ್ಲಿದೆ ಎಂದು ಕಂಪ್ಯೂಟರ್‌ಗೆ ಗೊತ್ತಾಗುವುದು ಹೆಸರು ಹೇಳಿದರೆ ವಿಳಾಸ ಕೊಡುವ ಡಿಎನ್‌ಎಸ್ ಮೂಲಕ. ಕಚೇರಿಯ ಸರ್ವರ್ ಎಲ್ಲಿದೆ ಎಂದು ಹೇಳಬಲ್ಲದ್ದು ಸಾಮಾನ್ಯವಾಗಿ ಆ ಸರ್ವರ್ ಒಂದೇ. ಇಂಟರ್‌ನೆಟ್ ರಿಪೇರಿಗೆ ಬಂದವರು ‘ಸ್ಪೀಡ್ ಜಾಸ್ತಿಯಾಗುತ್ತದೆ’ ಎಂದು ಡಿಎನ್‌ಎಸ್ ಜಾಗದಲ್ಲಿ 8.8.8.8 ಎಂದು ಬರೆದು ಹೋಗುತ್ತಾರೆ. ಅದು ಗೂಗಲ್‌ನ ಡಿಎನ್‌ಎಸ್. ಒಳ್ಳೆಯದೇ, ಆದರೆ ನಿಮ್ಮ ಬೀರುವಿನ ಪಕ್ಕದ ಸರ್ವರ್ ವಿಳಾಸ ಅದಕ್ಕೆ ಹೇಗೆ ಗೊತ್ತಿರಬೇಕು? ಚಿಕ್ಕಮಗಳೂರಿನ ಪೋಸ್ಟ್‌ಮನ್‌ಗೆ ಗೊತ್ತಿರುವ ಮನೆಯನ್ನು ದೆಹಲಿಯಲ್ಲಿ ವಿಚಾರಿಸಿದಂತೆ. ಕಂಪ್ಯೂಟರ್ ಕೇಳುತ್ತದೆ, ಕಾಯುತ್ತದೆ, ಮತ್ತೆ ಕೇಳುತ್ತದೆ. ಡೆಸ್ಕ್‌ಟಾಪ್ ಫೋಲ್ಡರ್ ಸರ್ವರ್‌ನಲ್ಲಿಯೇ ಇರುವಂತೆ ಹೊಂದಿಸಿದ ಕಚೇರಿಯಲ್ಲಿ ಈ ಕಾಯುವಿಕೆಯೇ ನಿಮಗೆ ಕಪ್ಪು ಪರದೆಯಾಗಿ ಕಾಣುತ್ತದೆ. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಆಗಿದ್ದು ಇದೇ. ಎರಡು ದಿನದ ಹಿಂದೆ ಯಾರೋ ಬಂದು ರೂಟರ್ ಬದಲಿಸಿ, ಡಿಎನ್‌ಎಸ್ ಅನ್ನೂ ಬದಲಿಸಿದ್ದರು.

ನೋಡುವುದು ಹೀಗೆ: ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್‌ಫಿಗ್ ಎಂದು ಟೈಪ್ ಮಾಡಿ, ಜಾಗ ಬಿಟ್ಟು ಓರೆಗೆರೆ ಹಾಕಿ ಆಲ್ ಎಂದು ಬರೆಯಿರಿ, ಎಲ್ಲವೂ ಇಂಗ್ಲಿಷ್ ಅಕ್ಷರಗಳಲ್ಲಿ. ಡಿಎನ್‌ಎಸ್ ಸರ್ವರ್ ಎಂಬ ಸಾಲಿನಲ್ಲಿ ನಿಮ್ಮ ಸರ್ವರ್‌ನ ವಿಳಾಸ ಮಾತ್ರ ಇರಬೇಕು. ‘ಎರಡನೆಯದಾಗಿ 8.8.8.8 ಇರಲಿ, ಒಂದು ಕೆಟ್ಟರೆ ಇನ್ನೊಂದಾಯಿತು’ ಎನ್ನುವವರಿದ್ದಾರೆ. ಬೇಡ. ಸರ್ವರ್ ಒಂದು ಕ್ಷಣ ತಡ ಮಾಡಿದರೂ ಕಂಪ್ಯೂಟರ್ ಆ ಎರಡನೆಯದಕ್ಕೆ ಹಾರುತ್ತದೆ, ಸುಲಭಕ್ಕೆ ಹಿಂದಿರುಗುವುದಿಲ್ಲ. ಹೊರಗಿನ ಡಿಎನ್‌ಎಸ್ ಬೇಕಿದ್ದರೆ ಅದನ್ನು ಸರ್ವರ್‌ನೊಳಗೆ ಫಾರ್ವರ್ಡರ್ ಆಗಿ, ಅಂದರೆ ಸರ್ವರ್ ತನಗೆ ತಿಳಿಯದ್ದನ್ನು ಕೇಳುವ ವಿಳಾಸವಾಗಿ ಹಾಕಿ, ಗುಮಾಸ್ತರ ಯಂತ್ರದಲ್ಲಲ್ಲ.

ಡಿಎನ್‌ಎಸ್ ಸರಿಯಿದ್ದರೆ ಮೂಲೆಯ ಗಡಿಯಾರ ನೋಡಿ. ಯಂತ್ರದ ಸಮಯಕ್ಕೂ ಸರ್ವರ್ ಸಮಯಕ್ಕೂ 5 ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಸರ್ವರ್ ಗುರುತು ಒಪ್ಪುವುದಿಲ್ಲ.

ಕರೆಂಟ್ ಹೋಗಿ ಬಂದ ದಿನದ ಕಥೆಯೇ ಬೇರೆ. ಹೂಮಳೆ ಗುಡುಗಿನೊಂದಿಗೆ ಬಂದ ಸಂಜೆ ಮಲೆನಾಡಿನ ಕಚೇರಿಗಳಲ್ಲಿ ಎಲ್ಲವೂ ಒಟ್ಟಿಗೆ ಆರಿ ಒಟ್ಟಿಗೆ ಏಳುತ್ತದೆ. ಗುಮಾಸ್ತರ ಯಂತ್ರ ಒಂದು ನಿಮಿಷದಲ್ಲಿ ಸಿದ್ಧ, ಸರ್ವರ್‌ಗೆ ಇನ್ನೂ ಹೊತ್ತು ಬೇಕು. ಸರ್ವರ್ ಏಳುವ ಮೊದಲೇ ಲಾಗಿನ್ ಆದವರಿಗೆ ಖಾಲಿ ಪರದೆ. ಮೊದಲು ನೆಟ್‌ವರ್ಕ್ ಸ್ವಿಚ್, ಆಮೇಲೆ ಸರ್ವರ್, ಕಾಫಿ ಕುಡಿದು ಬಂದ ಮೇಲೆ ಉಳಿದವು. ಇಲ್ಲಿ ಸ್ವಿಚ್ ಎಂದರೆ ಹಸಿರು ದೀಪಗಳು ಮಿನುಗುವ ಪೆಟ್ಟಿಗೆ. ಫೋನಿನಲ್ಲಿ ‘ಸ್ವಿಚ್ ಆಫ್ ಮಾಡಿ ಆನ್ ಮಾಡಿ’ ಎಂದು ಹೇಳಿ, ಇಡೀ ಕಚೇರಿಯ ಗೋಡೆಯ ಸ್ವಿಚ್ ಆರಿಸಿಸಿದ ಪಾಪ ನನ್ನದು. ಸರ್ವರ್ ಅನ್ನು ಯುಪಿಎಸ್‌ಗೆ ಹಾಕಿ ಈ ಪೆಟ್ಟಿಗೆಯನ್ನು ನೇರ ಗೋಡೆಗೆ ಚುಚ್ಚುವವರೂ ಇದ್ದಾರೆ. ಸರ್ವರ್ ಉಳಿದರೂ ದಾರಿ ಸತ್ತಿರುತ್ತದೆ.

ಹಂತ 6: ಪ್ರೊಫೈಲ್ ಕೆಟ್ಟಿದ್ದರೆ

ಯಂತ್ರವನ್ನು ಮರುಚಾಲನೆ ಮಾಡಿ, ಅಡ್ಮಿನಿಸ್ಟ್ರೇಟರ್ ಆಗಿ ಒಳಗೆ ಹೋಗಿ. ಸಿ ಡ್ರೈವ್‌ನ ಯೂಸರ್ಸ್ ಫೋಲ್ಡರ್‌ನಲ್ಲಿ ಆ ವ್ಯಕ್ತಿಯ ಹೆಸರಿನ ಫೋಲ್ಡರ್ ಇರುತ್ತದೆ. ಅದನ್ನು ಪೂರ್ತಿಯಾಗಿ, ಮರೆಯಾಗಿರುವ ಆಪ್‌ಡೇಟಾ ಫೋಲ್ಡರ್ ಸಮೇತ, ಬೇರೆ ಡ್ರೈವ್‌ಗೆ ನಕಲಿಸಿ. ನಕಲಾದ ಎರಡು ಮೂರು ಕಡತಗಳನ್ನು ತೆರೆದು ನೋಡಿ, ಖಂಡಿತ ನೋಡಿ. ಆಮೇಲೆ ಸಿಸ್ಟಮ್‌ನ ಅಡ್ವಾನ್ಸ್‌ಡ್ ಸೆಟ್ಟಿಂಗ್ಸ್‌ನಲ್ಲಿರುವ ಯೂಸರ್ ಪ್ರೊಫೈಲ್ಸ್ ಪಟ್ಟಿಯಿಂದ ಹಳೆಯ ಪ್ರೊಫೈಲ್ ಅಳಿಸಿ. ಅವರು ಮುಂದಿನ ಬಾರಿ ಲಾಗಿನ್ ಆದಾಗ ಹೊಸದು ತಾನಾಗಿಯೇ ಹುಟ್ಟುತ್ತದೆ. ಬರೀ ಫೋಲ್ಡರ್ ಅಳಿಸಿ ಬಿಡುವುದು ಅಡ್ಡದಾರಿ. ವಿಂಡೋಸ್ ತನ್ನ ಹೊಂದಿಕೆಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿ ಹಳೆಯ ಗುರುತು ಉಳಿದು, ವಿಂಡೋಸ್ ತಾತ್ಕಾಲಿಕ ಪ್ರೊಫೈಲ್ ಕೊಡುತ್ತದೆ. ಅದರಲ್ಲಿ ಸಂಜೆವರೆಗೆ ಮಾಡಿದ ಕೆಲಸ ಲಾಗ್ ಆಫ್ ಆದೊಡನೆ ಮಾಯ.

ಹಂತ 7: ಯಂತ್ರದ್ದೇ ದೋಷವಾದರೆ

ಟಾಸ್ಕ್ ಮ್ಯಾನೇಜರ್‌ನಿಂದ ರಿಜಿಸ್ಟ್ರಿ ಎಡಿಟರ್ ತೆರೆದು, ಲೋಕಲ್ ಮೆಷೀನ್ ಕೆಳಗಿನ ವಿನ್‌ಲಾಗಾನ್ ಎಂಬ ಕೀಲಿಯಲ್ಲಿ, ಲಾಗಿನ್ ಆದೊಡನೆ ಯಾವುದು ತೆರೆಯಬೇಕೆಂದು ಹೇಳುವ ‘ಶೆಲ್’ ನೋಡಿ. ಅಲ್ಲಿ ಎಕ್ಸ್‌ಪ್ಲೋರರ್ ಹೆಸರು ಬಿಟ್ಟು ಬೇರೇನೋ ಇದ್ದರೆ ವೈರಸ್ ಬಂದು ಹೋಗಿರುವ ಸಾಧ್ಯತೆಯೇ ಹೆಚ್ಚು. ಆಂಟಿವೈರಸ್ ವೈರಸ್ಸನ್ನು ಅಳಿಸುತ್ತದೆ, ಅದು ಬರೆದಿಟ್ಟ ಹೆಸರನ್ನು ಕೆಲವೊಮ್ಮೆ ಹಾಗೇ ಬಿಡುತ್ತದೆ. ಇಲ್ಲದ ಕಡತವನ್ನು ಹುಡುಕುತ್ತಾ ವಿಂಡೋಸ್ ನಿಂತುಬಿಡುತ್ತದೆ. ಕಳ್ಳ ಪ್ರತಿ ವಿಂಡೋಸ್, ಅದಕ್ಕೆ ಬೀಗ ತೆಗೆಯುವ ಪುಟ್ಟ ಪ್ರೋಗ್ರಾಂ, ‘ಕಂಪ್ಯೂಟರ್ ವೇಗ ಹೆಚ್ಚಿಸುವ’ ಪುಕ್ಕಟೆ ಕ್ಲೀನರ್, ಈ ಮೂರರಲ್ಲಿ ಒಂದಾದರೂ ಇಂಥ ಯಂತ್ರಗಳಲ್ಲಿ ನನಗೆ ಸಿಗದೇ ಇದ್ದದ್ದು ಅಪರೂಪ. ಶೆಲ್ ಸರಿಯಿದ್ದರೆ, ಅಗತ್ಯದ ಭಾಗಗಳಷ್ಟೇ ಎದ್ದೇಳುವ ಸೇಫ್ ಮೋಡ್‌ಗೆ ಹೋಗಿ, ಇತ್ತೀಚೆಗೆ ಬಂದ ಡಿಸ್‌ಪ್ಲೇ ಡ್ರೈವರ್ ಅಥವಾ ಅಪ್‌ಡೇಟ್ ತೆಗೆದು ನೋಡಿ. ಇನ್ನೂ ವಿಂಡೋಸ್ 10ರಲ್ಲೇ ಇರುವವರು ಗಮನಿಸಿ: ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಐದನೆಯ ಹಂತದಲ್ಲಿ ಹೇಳಿದ ಗಡಿಯಾರ ಸರಿಪಡಿಸಿದರೂ ಮರುದಿನ ಬೆಳಿಗ್ಗೆ ಮತ್ತೆ ಹಿಂದೆ ಬಿದ್ದಿದ್ದರೆ ಮದರ್‌ಬೋರ್ಡ್ ಮೇಲಿನ ಗುಂಡು ಸೆಲ್ ಸತ್ತಿದೆ. ಹೆಚ್ಚಿನ ಡೆಸ್ಕ್‌ಟಾಪ್‌ಗಳಲ್ಲಿ ಅದು ಸಿಆರ್ 2032, 3 ವೋಲ್ಟ್. ರಾತ್ರಿ ಗೋಡೆಯ ಪ್ಲಗ್ ಆರಿಸಿ ಹೋಗುವ ಕಚೇರಿಗಳಲ್ಲಿ ಇದು ಬೇಗ ಸೊರಗುತ್ತದೆ. ಗಡಿಯಾರದಂಗಡಿಯಲ್ಲೂ ಸಿಗುತ್ತದೆ. ಯಂತ್ರದ ಪ್ಲಗ್ ಕಿತ್ತು, ಹಳೆಯದನ್ನು ತೆಗೆದು, ಅಕ್ಷರಗಳಿರುವ ಮುಖ ಮೇಲೆ ಬರುವಂತೆ ಹೊಸದನ್ನು ಕೂರಿಸಿ.